ಸಣ್ಣ ಪ್ರಶ್ನೆಯವರ ನಾಲ್ಕು ಸಾಲು

ಕಂಪ್ಯೂಟರಿನ ತಿರುಳಾದ 'ಕರ್ನಲ್' ತಂತ್ರಾಂಶ ಬರೆಯುವವರ ಮೇಲಿಂಗ್ ಲಿಸ್ಟಿನಲ್ಲಿ ಅವರಿಗೆ 'ಸಣ್ಣ ಪ್ರಶ್ನೆ' ಎಂದೇ ಹೆಸರು. ಯಂತ್ರದ ಭಾಗಗಳನ್ನು ನಡೆಸಲು ಯಾರು ಯಾವ ಡ್ರೈವರ್ ಪ್ರೋಗ್ರಾಂ ಬರೆದು ಕಳಿಸಲಿ, ಇವರ ವಿಮರ್ಶೆ ಶುರುವಾಗುವುದೇ 'ನನ್ನದೊಂದು ಸಣ್ಣ ಪ್ರಶ್ನೆ' ಎಂದು. ಆಮೇಲೆ ಬರೆದವರು ವಾರಗಟ್ಟಲೆ ತಲೆ ಮೇಲೆ ಕೈಹೊತ್ತು ಕೂರುವುದು ವಾಡಿಕೆ. ತಾವು ಒಂದು ದಿನ ಕಣ್ಣು ಮುಚ್ಚಿದರೆ ಜಗತ್ತಿನ ಕಂಪ್ಯೂಟರುಗಳೆಲ್ಲ ಮಕಾಡೆ ಮಲಗುತ್ತವೆಂದು ಅವರ ನಂಬಿಕೆ. ಮನೆಯಲ್ಲಿ ಈ ನಂಬಿಕೆಗೆ ಕವಡೆ ಕಿಮ್ಮತ್ತಿರಲಿಲ್ಲ.

ಅವತ್ತು ಅವರ ಮುಂದಿದ್ದದ್ದು ಎಂಜಿನಿಯರಮ್ಮ ಒಬ್ಬರು ಬರೆದ ಡ್ರೈವರಿನ ಏಳನೇ ಆವೃತ್ತಿ. ದೊಡ್ಡ ಕಂಪ್ಯೂಟರಿನೊಳಗೆ ತಂತ್ರಾಂಶವಾಗಿ ಬಿಡಾರ ಹೂಡಿದ ಕಲ್ಪಿತ ಯಂತ್ರಕ್ಕೆ, ಕರೆಂಟು ಹೋದರೂ ಮರೆಯದ ಮೆಮೊರಿ ಒದಗಿಸುವ ಡ್ರೈವರ್ ಅದು. ಒಳಗಿನ ಯಂತ್ರ 'ಬರೆದದ್ದನ್ನು ಭದ್ರ ಮಾಡು' ಎಂದರೆ ಅದನ್ನು ಹೊರಗಿನ ಯಂತ್ರಕ್ಕೆ ಮುಟ್ಟಿಸಿ, ಉತ್ತರ ತಂದು ಹೇಳಬೇಕು. ಸಂಜೆ ಐದರೊಳಗೆ ಇವರ ಒಪ್ಪಿಗೆ ಬೀಳದಿದ್ದರೆ ಆಕೆಯ ಒಂದು ವರ್ಷದ ದುಡಿಮೆ ಮುಂದಿನ ಬಿಡುಗಡೆಯ ತನಕ, ಅಂದರೆ ಇನ್ನು ಹತ್ತು ವಾರ, ಮೂಲೆ ಸೇರುತ್ತಿತ್ತು.

ಎರಡು ಸಲ ಓದಿದರು. ತಪ್ಪೇ ಸಿಗಲಿಲ್ಲ. ಅವರಿಗೆ ಇರುಸುಮುರುಸು.

"ರೀ, ತಲೆ ತುಂಬ ಸೋಪು, ನಲ್ಲೀಲಿ ನೀರಿಲ್ಲ! ಅಪ್ಪ ತಾರಸಿ ಮೇಲಿದಾರೆ, ಟ್ಯಾಂಕಿನ ವಾಲ್ವ್ ತಿರುಗಿಸೋಕೆ ಹೇಳಿ!" ಬಚ್ಚಲಿನಿಂದ ಹೆಂಡತಿ ಕೂಗಿದಳು.

ಅವರು ಕಿಟಕಿಯಿಂದ ತಲೆ ಹೊರಹಾಕಿ, "ಮಾವಾ, ವಾಲ್ವ್ ತಿರುಗಿಸಿ!" ಎಂದರು. ಮೇಲಿನಿಂದ ಏನೋ ಉತ್ತರ ಬಂತು. ಬಂತಲ್ಲ, ಅಷ್ಟು ಸಾಕು. "ಬಿಟ್ಟಾಯ್ತು ಕಣೇ, ನೀರು ಬರುತ್ತೆ" ಎಂದು ಹೆಂಡತಿಗೆ ಹೇಳಿ ಮತ್ತೆ ಪರದೆಗೆ ಅಂಟಿಕೊಂಡರು.

ಐದು ನಿಮಿಷಕ್ಕೆ ಹೆಂಡತಿ ತಲೆಗೆ ಟವೆಲ್ ಸುತ್ತಿ, ಉರಿಯುವ ಒಂದು ಕಣ್ಣು ಮುಚ್ಚಿಕೊಂಡು ಬಂದು ನಿಂತಳು. ಹಿಂದೆಯೇ ಮಾವ, ಕೈಯಲ್ಲಿ ವಾಲ್ವಿನ ಮುರಿದ ಹಿಡಿ.

"ಹಿಡಿ ಮುರೀತು ಅಂತ ಗಂಟಲು ಹರಿಯೋ ಹಾಗೆ ಕೂಗಿದ್ನಲ್ಲ ಅಳಿಯಂದ್ರೇ!"

"ಕೂಗಿದ್ದು ಗೊತ್ತಾಯ್ತು ಮಾವಾ. ಏನಂತ ಗಮನಿಸಲಿಲ್ಲ."

"ಮತ್ತೆ ನಂಗ್ಯಾಕ್ರೀ ನೀರು ಬರುತ್ತೆ ಅಂದ್ರಿ?"

ಆ ಪ್ರಶ್ನೆಯನ್ನೇ ಡ್ರೈವರಿಗೂ ಕೇಳಬೇಕೆಂದು ಅವರಿಗೆ ಹೊಳೆಯಿತು. ಸರಕ್ಕನೆ ಡ್ರೈವರ್ ತೆರೆದು ನೋಡಿದರೆ ಅದೂ ಅಳಿಯನೇ! ಹೊರಗಿನ ಉತ್ತರಕ್ಕೆ ಕಾಯುತ್ತಿತ್ತು; ಉತ್ತರ ಏನೇ ಇರಲಿ, ಒಳಗೆ 'ಭದ್ರವಾಯಿತು' ಎಂದುಬಿಡುತ್ತಿತ್ತು.

"ಸಿಕ್ಕಿಬಿದ್ದಳು!" ಎಂದು ಕುಣಿದು 'ನನ್ನದೊಂದು ಸಣ್ಣ ಪ್ರಶ್ನೆ' ಎಂದು ಟೈಪಿಸಿದರು. ಈ ತಪ್ಪು ಎಲ್ಲಿಂದ ಬಂತೆಂದು ಹಳೆಯ ಪತ್ರ ಕೆದಕಿದರು. ಎರಡನೇ ಆವೃತ್ತಿಯಲ್ಲಿ ಎಲ್ಲ ಸರಿಯಿತ್ತು. ಮೂರನೆಯದಕ್ಕೆ ಮುಂಚೆ ಯಾರೋ 'ಇಷ್ಟುದ್ದ ಬೇಡ, ಹೀಗೆ ಬರೆಯಿರಿ' ಎಂದು ನಾಲ್ಕು ಸಾಲು ಕೊಟ್ಟಿದ್ದರು. ಆ ಯಾರೋ ಇವರೇ. ಆಕೆ ಒಂದು ಕಾಮಾ ಬದಲಿಸದೆ ಸೇರಿಸಿಕೊಂಡಿದ್ದಳು.

ಗಂಟೆ ನಾಲ್ಕೂವರೆ. ಪ್ರಶ್ನೆ ಹಾಗೇ ಕಳಿಸಿದರೆ ತಪ್ಪು ಆಕೆಯ ತಲೆಗೆ. ಮೂರನೇ ಆವೃತ್ತಿಯನ್ನು ಯಾರು ಕೆದಕುತ್ತಾರೆ?

"ಏನ್ರೀ, ಮುಖ ಯಾಕೆ ಹಾಗೆ ಹುಳ್ಳಗಾಯ್ತು?" ಎಂದಳು ಹೆಂಡತಿ, ಪಕ್ಕದ ಮನೆಯಿಂದ ತಂದ ನೀರಿನ ಬಕೆಟ್ ಹಿಡಿದು.

"ಅಲ್ಲೂ ನಂದೇ ತಪ್ಪು ಕಣೇ."

"ಹಾಗಾದ್ರೆ ಅಲ್ಲೂ ಹೇಳಿಬಿಡಿ."

ಟೈಪಿಸಿದ್ದನ್ನು ಅಳಿಸಿ ಬರೆದರು: 'ತಪ್ಪು ನನ್ನದು. ಸರಿಯಿದ್ದದ್ದನ್ನು ನಾನೇ ಕೆಡಿಸಿದೆ. ತಿದ್ದುಪಡಿ ಜೊತೆಗಿದೆ. ಅದು ಸೇರಿದರೆ ನನ್ನ ಒಪ್ಪಿಗೆ.' ಬರೆಯುವುದಕ್ಕಿಂತ ಕಳಿಸುವ ಗುಂಡಿ ಒತ್ತಲು ಹೆಚ್ಚು ಹೊತ್ತು ಹಿಡಿಯಿತು.

ತಕ್ಷಣ ಆಕೆಯ ಉತ್ತರ: 'ನನ್ನದೊಂದು ಸಣ್ಣ ಪ್ರಶ್ನೆ, ಸರ್. ಇದನ್ನು ಓಡಿಸಿ ನೋಡಿದ್ದೀರಾ?'

ನೋಡಿರಲಿಲ್ಲ. ಬೆವರೊರೆಸಿಕೊಂಡು ಓಡಿಸಿದರು. ಹೊರಗಿನ ಯಂತ್ರ ಬೇಕೆಂದೇ ಕೈಕೊಡುವಂತೆ ಮಾಡಿದಾಗ ಡ್ರೈವರ್ ಪ್ರಾಮಾಣಿಕವಾಗಿ 'ಆಗಲಿಲ್ಲ' ಎಂದಿತು. ಐದಕ್ಕೆ ಎರಡು ನಿಮಿಷವಿದ್ದಾಗ ಆಕೆಯ ಡ್ರೈವರ್ ಕರ್ನಲ್ಲಿನೊಳಗೆ ಸೇರಿತು.

"ರೀ, ಅಪ್ಪ ಇಕ್ಕಳ ಹಾಕಿ ತಿರುಗಿಸ್ತಾ ಇದಾರೆ, ನೀರು ಬಿಟ್ರಾ ಕೇಳಿ!"

ಅವರು ಕಿಟಕಿಯತ್ತ ಹೋಗಲಿಲ್ಲ. ತಾರಸಿ ಹತ್ತಿ, ಕೊಳವೆಗೆ ಕಿವಿಯಿಟ್ಟು, ಊರಿಗೆಲ್ಲ ಕೇಳುವಂತೆ ಸಂಭ್ರಮದಿಂದ ಕೂಗಿದರು:

"ಇನ್ನೂ ಇಲ್ಲ ಕಣೇ!"