ಗೇಟಿನ ಆಚೆ ಈಚೆ ಎಲೆ ಅಡಿಕೆ

ಹೋದ ಭಾನುವಾರ ಗೌರಿಬಿದನೂರಿನ ಬಸ್ ಸ್ಟ್ಯಾಂಡಿನಲ್ಲಿ ಚಿಂತಾಮಣಿ ಬಸ್ಸು ಹೊರಡದೆ ಬರೀ ಗುಡುಗುತ್ತ ನಿಂತಿತ್ತು. ಕಿಟಕಿಯ ಗಾಜಿನೊಳಗೆ ಮಾವ, ಕೆಳಗೆ ಅಪ್ಪ. ಆ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರ ಮಾತೇ ಕೇಳದು. ಇವರಿಬ್ಬರು ಮಾತ್ರ ಚೂರೂ ಕೂಗಾಡದೆ, ತುಟಿಗಳನ್ನಷ್ಟೇ ಆಡಿಸುತ್ತ ಆರಾಮವಾಗಿದ್ದರು. ಕಡಲೆಕಾಯಿ ಮಾರುವವನು ಅವರನ್ನೇ ನೋಡುತ್ತಿದ್ದ. ಎಲೆ ಅಡಿಕೆ ಅಗಿಯುತ್ತಿದ್ದಾರೆ ಅಂದುಕೊಂಡಿರಬೇಕು. ಅವನನ್ನು ನೋಡಿ ನಾನು ನಗುವಂತಿಲ್ಲ. ಸುಮಾರು ಹತ್ತು ವರ್ಷಗಳ ಹಿಂದೆ ನಾನೂ ಹಾಗೇ ಅಂದುಕೊಂಡಿದ್ದೆ, ಅದೂ ಹತ್ತೊಂಬತ್ತು ದಿನ, ಲಿಖಿತವಾಗಿ.

ಲಿಖಿತವಾಗಿ ಯಾಕೆಂದರೆ ನನಗೆ ಡೈರಿಯ ಹುಚ್ಚು. ಪಿಯುಸಿ ಓದುವ ಹುಡುಗಿಯರು ಡೈರಿಯಲ್ಲಿ ಮನಸ್ಸನ್ನು ತೋಡಿಕೊಳ್ಳುತ್ತಾರಂತೆ. ನಾನು ತಾರೀಕು ಹಾಕಿ, ಗೆರೆ ಎಳೆದು, ಕಲಂ ಮಾಡುತ್ತಿದ್ದೆ: ಕರೆಂಟು ಎಷ್ಟು ಸಲ ಹೋಯಿತು, ಎದುರುಮನೆ ಕೋಳಿ ಎಷ್ಟು ಸಲ ನಮ್ಮಲ್ಲಿಗೆ ಬಂತು, ಮಿಲ್ಲಿನ ಸೈರನ್ ಎಷ್ಟು ನಿಮಿಷ ತಡ. "ಇವಳನ್ನ ಕಟ್ಕೊಳ್ಳೋನು ದಿನಕ್ಕೆಷ್ಟು ಸಲ ಸೀನ್ದ ಅಂತಾನೂ ಬರ್ದಿಡ್ತಾಳೆ" ಎನ್ನುತ್ತಿದ್ದಳು ಅಮ್ಮ. ಬರೆದಿಟ್ಟಿದ್ದೇನೆ, ಆ ವಿಷಯ ಈಗ ಬೇಡ.

ಆ ವರ್ಷ ನಮ್ಮೂರ ಬಟ್ಟೆ ಮಿಲ್ಲಿನಲ್ಲಿ ಮುಷ್ಕರವಾಯಿತು. ಅಪ್ಪ ಮತ್ತು ಮಾವ ಇಬ್ಬರೂ ಅಲ್ಲಿನ ಮಗ್ಗದ ಶೆಡ್ಡಿನವರು. ಮಾವ ಎಂದರೆ ಅಮ್ಮನ ತಮ್ಮ ನಂಜುಂಡ. ಆಗ ನಮ್ಮ ಮನೆಯಲ್ಲೇ ಇದ್ದ. ಅಪ್ಪನಿಗೆ ಕೆಲವು ತಿಂಗಳ ಹಿಂದಷ್ಟೇ ಸೂಪರ್‌ವೈಸರ್ ಪಟ್ಟ ಸಿಕ್ಕಿತ್ತು, ಒಳಗೆ ಹೋಗಲೇಬೇಕು. ಮಾವ ಸಂಘದವನು, ಗೇಟಿನ ಹೊರಗೆ ಕೂರಲೇಬೇಕು. ಒಳಗಿನವರೊಂದಿಗೆ ಮಾತಾಡಿದವನನ್ನು ಹೊರಹಾಕುತ್ತೇವೆ ಎಂದಿತು ಸಂಘ. ಹೊರಗಿನವರೊಂದಿಗೆ ಮಾತಾಡಿದರೆ ಕೆಲಸ ಹೋಗುತ್ತದೆ ಎಂದರು ಮಿಲ್ಲಿನವರು. ಎರಡು ಪಕ್ಷದವರೂ ಒಪ್ಪಿದ ಸಂಗತಿ ಅದೊಂದೇ.

ಮನೆಯಲ್ಲಿ ಮಾತಾಡಬಹುದಿತ್ತಲ್ಲ ಅನ್ನುತ್ತೀರಿ. ನಮ್ಮದು ಸಾಲುಮನೆ. ನಾವು ಕೆಮ್ಮಿದರೆ ಗೋಡೆಯಾಚೆಯಿಂದ "ಬಿಸ್ನೀರು ಕುಡೀರಿ" ಎಂಬ ಸಲಹೆ ಬರುತ್ತಿತ್ತು. ಹಾಗಾಗಿ ಅಪ್ಪ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದರು, ಮಾವ ಬಾಗಿಲಿಗೆ. ನಡುವೆ ಸೌಟು ಹಿಡಿದ ಅಮ್ಮ. "ಇಬ್ರಿಗೂ ಒಂದೇ ಸಾರು ಕಣ್ರಪ್ಪಾ, ಅದಕ್ಕೇನೂ ಸ್ಟ್ರೈಕ್ ಇಲ್ಲ" ಎಂದರೂ ಯಾರೂ ನಗುತ್ತಿರಲಿಲ್ಲ. ಮಾವನ ಟ್ರಂಕು ಬೆಂಚಿನ ಕೆಳಗಿನಿಂದ ಬಾಗಿಲ ಬಳಿಗೆ ಬಂದಿತ್ತು. ಮಾತು ಹೋದ ಮನೆಯಿಂದ ತಮ್ಮನೂ ಹೋಗುತ್ತಾನೆ ಎಂಬುದೇ ಅಮ್ಮನ ಭಯ. ನಾನು ಹೊಸ ಕಲಂ ಎಳೆದೆ: ಅಪ್ಪ-ಮಾವ, ಮಾತು. ದಿನಾ ಸಂಜೆ ಅಮ್ಮ "ಇವತ್ತು ಎಷ್ಟೇ?" ಎನ್ನುವಳು. ನಾನು "ಸೊನ್ನೆ" ಎನ್ನುವೆ.

ಮಧ್ಯಾಹ್ನ ಇಬ್ಬರಿಗೂ ಬುತ್ತಿ ಒಯ್ಯುವವಳು ನಾನೇ. ಅಪ್ಪನ ಕ್ಯಾರಿಯರ್ ಗೇಟಿನ ಕಾವಲುಗಾರನ ಕೈಗೆ, ಮಾವನದು ಎದುರಿನ ಪೆಂಡಾಲಿಗೆ. ಆ ಹೊತ್ತಿಗೆ ಅಪ್ಪ ಕಂಬಿಗಳ ಹಿಂದೆ ನಿಂತು ಬಾಯಿ ಆಡಿಸುತ್ತಿದ್ದರು. ಈಚೆ ಮಾವನೂ ಬಾಯಿ ಆಡಿಸುತ್ತಿದ್ದ. "ಎಲೆ ಅಡಿಕೆ: ಇಬ್ಬರೂ" ಎಂದು ಬರೆದುಕೊಂಡೆ. ಊಟಕ್ಕೆ ಮೊದಲೇ ಎಲೆ ಅಡಿಕೆ ಯಾಕೆ ಎಂದು ಕೇಳುವ ಬುದ್ಧಿ ನನ್ನ ಕಲಮುಗಳಿಗೆ ಇರಲಿಲ್ಲ.

ಇಪ್ಪತ್ತನೆಯ ದಿನ ಅಮ್ಮನೂ ಜೊತೆಗೆ ಬಂದಳು. ಗೇಟಿನತ್ತ ನೋಡಿದಳು, ಪೆಂಡಾಲಿನತ್ತ ನೋಡಿದಳು, ಸೆರಗು ಬಾಯಿಗೊತ್ತಿಕೊಂಡು ನಗತೊಡಗಿದಳು.

"ಎಲೆ ಅಡಿಕೆ ಅಲ್ಲ ಕಣೇ ಪೆದ್ದಿ! ಮಾತಾಡ್ತಿದಾರೆ. ಮಗ್ಗದ ಸದ್ದಲ್ಲಿ ಕಿವಿ ಕೇಳ್ಸುತ್ತಾ? ಆ ಶೆಡ್ಡಲ್ಲಿ ಎಲ್ರೂ ತುಟಿ ನೋಡೇ ಮಾತಾಡೋದು."

"ನಿಂಗೆ ಹೆಂಗಮ್ಮ ಗೊತ್ತು?"

"ಮದ್ವೆ ಆದ ಹೊಸದ್ರಲ್ಲಿ ನಿಮ್ಮಜ್ಜಿ ಎದುರಿಗೆ ನಿಮ್ಮಪ್ಪ ನನ್ನತ್ರ ಮಾತಾಡಿದ್ದೇ ಹಿಂಗೆ."

ಪೆಂಡಾಲಿನಲ್ಲಿದ್ದ ಮಗ್ಗದವರಿಗೆಲ್ಲ ಇದು ಗೊತ್ತಿತ್ತು. ಅವರು ಆಕಾಶ ನೋಡುತ್ತ ಕೂತಿದ್ದರು. ಗೊತ್ತಿಲ್ಲದವರು ಇಬ್ಬರೇ: ನಾನು, ಮತ್ತು ಬಟ್ಟೆಗೆ ಬಣ್ಣ ಹಾಕುವ, ಸದ್ದಿಲ್ಲದ ಶೆಡ್ಡಿನಿಂದ ಬಂದಿದ್ದ ಸಂಘದ ಸೆಕ್ರೆಟರಿ.

"ಏನಂತಿದಾರೆ?" ಎಂದೆ.

ಅಮ್ಮನ ನಗು ನಿಂತಿತು. "ನಾಳೆ ಫೋಟೋ ತೆಗೀತಾರೆ, ಮುಂದೆ ಕೂತೋರ ಕೆಲ್ಸ ಹೋಗುತ್ತೆ, ಅಂತಿದಾರೆ ನಿಮ್ಮಪ್ಪ." ಆಮೇಲೆ ತಮ್ಮನ ಕಡೆ ನೋಡಿದಳು. "'ಆಯ್ತು ಭಾವ, ನಿನ್ನೆ ಸಾರಿಗೆ ಉಪ್ಪು ಜಾಸ್ತಿ, ಅಕ್ಕಂಗೆ ಹೇಳಿ' ಅಂತಾನೆ. ಬರ್ಲಿ ಮನೆಗೆ!"

ಮರುದಿನ ಫೋಟೋಗ್ರಾಫರ್ ಬಂದಾಗ ಮುಂದಿನ ಸಾಲಿನವರೆಲ್ಲ ಮುಖದ ತುಂಬ ಟವೆಲು ಹೊದ್ದು ಮಲಗಿದ್ದರು. ಎಣಿಸಿದೆ, ಮೂವತ್ತೆರಡು ಟವೆಲು.

ಸಂಜೆ ಸೆಕ್ರೆಟರಿ ನಮ್ಮ ಮನೆಗೇ ಬಂದರು. ಟವೆಲಿನ ಉಪಾಯ ಹೇಳಿದವನು ನಂಜುಂಡ. ಒಳಗಿನ ಸುದ್ದಿ ತರುವವನು ಹೊರಗಿನದನ್ನೂ ಕೊಡುತ್ತಾನೆ ಎಂಬುದು ಅವರ ಗುಮಾನಿ.

"ಏಮ್ಮಾ, ನೀನು ಎಲ್ಲಾ ಬರ್ದಿಡ್ತೀಯಂತೆ, ಸುಳ್ಳು ಬರ್ಯಲ್ವಂತೆ. ತಗೊಂಬಾ ಆ ಪುಸ್ತಕ."

ಅಪ್ಪ ಗೋಡೆ ನೋಡುತ್ತಿದ್ದರು. ಮಾವ ಟ್ರಂಕಿನ ಪಕ್ಕ ನಿಂತಿದ್ದ. ಒಬ್ಬರ ಕೆಲಸ, ಒಬ್ಬನ ಸಂಘ, ಎರಡೂ ನನ್ನ ಒಂದು ಕಲಮಿನಲ್ಲಿ. ಹತ್ತೊಂಬತ್ತು ಸೊನ್ನೆಗಳನ್ನು ತಿಳಿಯದೆ ಬರೆದಿದ್ದೆ. ಹಿಂದಿನ ದಿನದ್ದನ್ನು ಏನು ಬರೆಯಲಿ ಎಂದು ತೋಚದೆ ಖಾಲಿ ಬಿಟ್ಟಿದ್ದೆ. ಆ ದಿನದ್ದೂ ಖಾಲಿ. ಒಳಕೋಣೆಗೆ ಹೋಗಿ ಪೆನ್ನು ತೆಗೆದು ಎರಡು ಸೊನ್ನೆ ಸುತ್ತಿದೆ. ಉಳಿದವಕ್ಕಿಂತ ದುಂಡಗೆ ಬಂದವು.

ಸೆಕ್ರೆಟರಿ ಬೆರಳಿಟ್ಟು ಓದಿದರು. "ಅಬ್ಬಾ ನಂಜುಂಡ, ಮನೇಲೂ ಮಾತಿಲ್ವೇನಯ್ಯಾ! ಹಠ ಅಂದ್ರೆ ಇದು!" ಎಂದು ಅವನ ಬೆನ್ನು ತಟ್ಟಿ ಹೋದರು. ಮಾವ ಕಾಲಿನಿಂದಲೇ ಟ್ರಂಕನ್ನು ಬೆಂಚಿನ ಕೆಳಗೆ ತಳ್ಳಿದ. ರಾತ್ರಿ ಅಮ್ಮ ಬಡಿಸುವಾಗ ನನ್ನ ತಟ್ಟೆಗೆ ಮಾತ್ರ ತುಪ್ಪ ಎರಡು ಸಲ ಬಿತ್ತು.

ಮುಷ್ಕರ ಮುಗಿದ ದಿನ ಗೇಟಿನ ಎರಡೂ ಕಡೆ ಸಿಹಿ ಹಂಚಿದರು. ಡೈರಿಯಲ್ಲಿ "ಗೆದ್ದವರು" ಎಂಬುದರ ಮುಂದೆ ಇವತ್ತಿಗೂ ಪ್ರಶ್ನಾರ್ಥಕ ಚಿಹ್ನೆ ಇದೆ. ತಪ್ಪು ಕಂಡರೆ ತಿದ್ದದೆ ಬಿಡುವವಳಲ್ಲ ನಾನು; ಆ ಎರಡು ದುಂಡು ಸೊನ್ನೆಗಳನ್ನು ಮಾತ್ರ ಮುಟ್ಟಿಲ್ಲ. ಬದಲಿಗೆ ಅಮ್ಮನಿಂದ ತುಟಿ ಓದುವುದನ್ನು ಕಲಿತೆ.

ಬಸ್ಸು ಕೊನೆಗೂ ಅಲುಗಿತು. ಗಾಜಿನೊಳಗಿಂದ ಮಾವ ನನ್ನತ್ತ ತಿರುಗಿ ತುಟಿ ಆಡಿಸಿದ: ಇವತ್ತು ಎಷ್ಟೇ? ಅಪ್ಪನೂ ನನ್ನ ಮುಖವನ್ನೇ ನೋಡಿದರು. ನಾನು ಹೆಬ್ಬೆರಳಿಗೆ ತೋರುಬೆರಳು ಕೂಡಿಸಿ, ಮಾವನಿಗೆ ಕಾಣುವಷ್ಟು ಎತ್ತರಕ್ಕೆ, ಒಂದು ಸೊನ್ನೆ ಎತ್ತಿ ಹಿಡಿದೆ.