ಪಟಿಕದ ಮಾವನ ಕೈಚಕ್ರ

ಊರಿನ ನೀರು ಶುದ್ಧಿ ಮಾಡುವ ತೊಟ್ಟಿಗೆ ಪಟಿಕ ಒದಗಿಸುವ ವ್ಯಾಪಾರ ನನ್ನದು. ಅದನ್ನು ಕರಗಿಸಿ ನೀರಿಗೆ ಬಿಡುವ ಕೆಲಸ ಇಪ್ಪತ್ತಾರು ವರ್ಷದಿಂದ ಒಬ್ಬರದೇ. ಎಲ್ಲರಿಗೂ ಅವರು ಪಟಿಕದ ಮಾವ. ಮೂಟೆ ಬಿಚ್ಚಿಸಿ, ಒಂದು ಹರಳನ್ನು ನಾಲಿಗೆಗೆ ತಾಗಿಸಿ ನೋಡದೆ ನನ್ನ ಮಾಲನ್ನು ಒಂದು ದಿನವೂ ಒಳಗೆ ಬಿಟ್ಟವರಲ್ಲ.

ಕೆಸರು ನೀರಿಗೆ ಪಟಿಕ ಬಿದ್ದರೆ ಕಣ್ಣಿಗೆ ಕಾಣದ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿ, ಹಿಂಜಿದ ಹತ್ತಿಯಂತೆ ಗಂಟುಕಟ್ಟಿ ತಳ ಸೇರುತ್ತವೆ. ಆ ಗಂಟು ಬಲು ನಾಜೂಕು. ಜೋರಾಗಿ ಕದಡಿದರೆ ಚೂರುಚೂರು. ಅದಕ್ಕೇ ಮಾವ ತೊಟ್ಟಿಯೊಳಗಿನ ಹುಟ್ಟುಗಳನ್ನು ಆಡಿಸುವ ಕೈಚಕ್ರವನ್ನು ತೊಟ್ಟಿಲು ತೂಗುವ ಹದದಲ್ಲಿ ತಿರುಗಿಸುತ್ತಿದ್ದರು.

ಹೊಸ ಸಾಹೇಬರು ಬಂದರು. ಚಕ್ರದ ಪಕ್ಕಕ್ಕೆ ಮೋಟಾರು ಬಂತು. ಹುಟ್ಟುಗಳು ಗಿರಗಿರನೆ ತಿರುಗಿದವು, ನಲ್ಲಿಗಳಲ್ಲಿ ರಾಡಿ ಇಳಿಯಿತು.

"ಪಟಿಕ ಸಾಲ್ತಿಲ್ಲ. ಇನ್ನೆರಡು ಮೂಟೆ ಹಾಕ್ರೀ."

"ಪಟಿಕದ ತಪ್ಪಲ್ಲ ಸಾರ್, ಮೋಟಾರಿನ ಓಟದ ತಪ್ಪು. ಕೂಡಿದ್ದನ್ನೆಲ್ಲ ಅದೇ ಒಡೆದು ಹಾಕ್ತಿದೆ," ಎಂದರು ಮಾವ.

"ಮೋಟಾರು ಮಾಡಿದೋರಿಗಿಂತ ನಿಮಗೆ ಜಾಸ್ತಿ ಗೊತ್ತಾ? ಶನಿವಾರದೊಳಗೆ ನೀರು ತಿಳಿಯಾಗ್ಬೇಕು. ಇಲ್ಲಾಂದ್ರೆ ಗೇಟು ಕಾಯೋಕೆ ಹೋಗಿ."

ಎರಡು ಮೂಟೆ ಹೆಚ್ಚು ಹೋಗುವಾಗ ನನ್ನ ಬಾಯಿಗೆ ಬೀಗ ಬಿದ್ದಿತ್ತು. ಅದನ್ನೇನೂ ಮುಚ್ಚಿಡುವುದಿಲ್ಲ.

ಮನೆಯಲ್ಲಿ ಮಾವನ ಹೆಂಡತಿ ಬಿಂದಿಗೆಯನ್ನೇ ಮುಂದೆ ತಂದಿಟ್ಟರಂತೆ. "ಏನ್ರೀ, ಊರಿಗೆಲ್ಲ ನೀರು ತಿಳಿ ಮಾಡೋರು ನೀವು. ಇದರಲ್ಲಿ ಬದನೆ ಸಸಿ ನೆಡಲಾ?"

"ಹೋಗಿ ಮೋಟಾರನ್ನ ಕೇಳೇ!" ಎಂದು ಮಾವ ಉಣ್ಣದೆ ಎದ್ದರಂತೆ.

ಗುರುವಾರ ಅವರು ಸಾಹೇಬರ ಮೇಜಿನ ಮೇಲೆ ಎರಡು ಗಾಜಿನ ಜಾಡಿ ಇಟ್ಟರು. ಅದೇ ನೀರು, ಅಷ್ಟೇ ಪಟಿಕ. ಒಂದನ್ನು ಮೆಲ್ಲಗೆ ಕಲಕಿದರು. ಇನ್ನೊಂದನ್ನು ಮಜ್ಜಿಗೆ ಕಡೆದಂತೆ ಕಡೆದರು. ಅರ್ಧ ಗಂಟೆಗೆ ಮೊದಲನೆಯ ಜಾಡಿಯಾಚೆ ಸಾಹೇಬರು ಟೈಪ್ ಮಾಡಿಸಿಟ್ಟಿದ್ದ ಗೇಟಿನ ಹುಕುಂ ಓದಲು ಬರುತ್ತಿತ್ತು. ಎರಡನೆಯದರಾಚೆ ಸಾಹೇಬರೂ ಕಾಣುತ್ತಿರಲಿಲ್ಲ.

"ಸರಿ, ಒಪ್ಕೊಂಡೆ. ಆದ್ರೆ ವೇಗ ತಗ್ಗಿಸೋಕೆ ಕಂಪನಿಯವರೇ ಬರ್ಬೇಕು. ನಾವು ಸೀಲ್ ಒಡೆದ್ರೆ ಗ್ಯಾರಂಟಿ ಹೋಗುತ್ತೆ."

"ಅಲ್ಲೀವರೆಗೆ ಊರು ಕೆಸರು ಕುಡೀಲಾ? ಮೋಟಾರು ಆಫ್ ಮಾಡಿದ್ರೆ ಸೀಲ್ ಒಡೆಯಲ್ಲ ತಾನೆ?"

ಸಾಹೇಬರು ಫ್ಯಾನು ನೋಡಿದರು. ಅದನ್ನೇ ಅಪ್ಪಣೆ ಎಂದುಕೊಂಡು ಮಾವ ಮತ್ತೆ ಚಕ್ರ ಹಿಡಿದರು.

ಶನಿವಾರ ನೀರು ತಿಳಿಯಾಯಿತು. ಗೇಟಿನ ಮಾತು ಯಾರೂ ಎತ್ತಲಿಲ್ಲ. ಆದರೆ ಸಾಹೇಬರು ನೀರಿನ ವರದಿ ಲಗತ್ತಿಸಿ ಎರಡು ಸಲ ಬರೆದರೂ ಕಂಪನಿಯವರ ಸುಳಿವಿಲ್ಲ. ಐವತ್ತೆಂಟರ ಹೆಗಲಿಗೆ ಎಣ್ಣೆ ತಿಕ್ಕಿ ತಿಕ್ಕಿ ಹೆಂಡತಿಯ ಕೈಯೂ ಸೋತಿತು. ಮೂರನೆಯ ವಾರ ನಾನು ಮೂಟೆ ಇಳಿಸುತ್ತಿದ್ದಾಗ ಸಾಹೇಬರು ಕಂಪನಿಯಿಂದ ಬಂದ ಕಾಗದ ಹಿಡಿದು ತೊಟ್ಟಿಯ ಹತ್ತಿರ ಬಂದು, ತಲೆ ಎತ್ತದೆ ಓದಿದರು: "ನಿಮ್ಮ ಇತ್ತೀಚಿನ ನೀರಿನ ವರದಿ ಅತ್ಯುತ್ತಮವಾಗಿದೆ. ಯಂತ್ರ ಸರಿಯಾಗಿ ಕೆಲಸ ಮಾಡುತ್ತಿರುವುದರಿಂದ ಯಾರನ್ನೂ ಕಳುಹಿಸುವ ಅಗತ್ಯ ಕಾಣುವುದಿಲ್ಲ."

ಮಾವ ಚಕ್ರ ನಿಲ್ಲಿಸಲಿಲ್ಲ.

"ಉತ್ತರ ಬರೀರಿ ಸಾರ್," ಎಂದರು ಹಲ್ಲು ಕಚ್ಚಿ. "ಯಂತ್ರಕ್ಕೆ ಹೆಗಲು ನೋವಂತೆ, ಬಂದು ನೋಡ್ಕೊಂಡು ಹೋಗಿ ಅಂತ."