ತೀರ್ಥ ಕೊಡುವ ಮುನ್ನ

ಬೆಟಗೇರಿಯ ನಮ್ಮ ಓಣಿಯ ಹನುಮಪ್ಪನ ಗುಡಿಯ ಅರ್ಚಕರು ಯಾರು ಏನೇ ಅಂದರೂ "ಇರ್ಲಿ ಬಿಡ್ರಿ" ಎನ್ನುತ್ತಿದ್ದರು. ಒಮ್ಮೆ ಫ್ಲೂ ಜ್ವರ ಬಂದು ಮಲಗಿದರು. ರಕ್ತ ತಪಾಸಣೆಯ ರಿಪೋರ್ಟ್ ನೋಡಿದ ಡಾಕ್ಟರು, "ಈ ಜ್ವರಕ್ಕ ಒಮ್ಮೊಮ್ಮೆ ಲಿವರಿಗೂ ಪೆಟ್ಟು ಬೀಳ್ತೈತ್ರಿ. ಆರಾಮ ತಗೋರಿ, ತಾನ ಸರಿ ಆಗ್ತೈತಿ" ಎಂದರಂತೆ. ಓಣಿಯವರ ಕಿವಿಗೆ ಬಿದ್ದದ್ದು ಲಿವರ್ ಒಂದೇ. ಲಿವರ್ ಕೆಟ್ಟಿತೆಂದರೆ ಕುಡಿತ. ನಮ್ಮಲ್ಲಿ ಅದಕ್ಕೆ ಬೇರೆ ಕಾರಣವೇ ಇಲ್ಲ.

"ಖರೆ ಸಂಗತಿ ಹೇಳಬಾರ್ದೇನ್ರಿ?" ಎಂದು ಅರ್ಚಕರನ್ನು ನೋಡಲು ಅವರ ಮನೆಗೆ ಹೋದಾಗ ಕೇಳಿದೆ.

ಬತ್ತಿ ಹೊಸೆಯುತ್ತಲೇ, "ಎಷ್ಟ ಮಂದಿಗಂತ ಹೇಳ್ಲಿ? ಇರ್ಲಿ ಬಿಡ್ರಿ" ಎಂದರು.

ಅರ್ಚಕರು ಗುಣವಾಗಿ ಗುಡಿಗೆ ಮರಳಿದಾಗ, ತೀರ್ಥಕ್ಕೆ ಕೈಯೊಡ್ಡಿದವರು ಮುಂದೆ ಬಾಗಿ ಅವರ ಬಾಯಿಯ ವಾಸನೆ ನೋಡತೊಡಗಿದರು. ಅದು ಅವರಿಗೆ ತಿಳಿಯಿತು. ಆಮೇಲೆ ತಾವೇ ಪ್ರತಿಯೊಬ್ಬರತ್ತ ಬಗ್ಗಿ, ಒಮ್ಮೆ ಉಸಿರು ಬಿಟ್ಟು, "ಆತೇನ್ರಿ?" ಎಂದು ಕೇಳಿಯೇ ತೀರ್ಥ ಹಾಕುತ್ತಿದ್ದರು. ನನಗೂ ಹಾಗೆಯೇ.